ಫರ್ಹತಳ ಸೊಟ್ಟ ಹಲ್ಲು

ಸವಣೂರಿನ ಸಂತೆಯಲ್ಲಿ ವೀಳ್ಯದೆಲೆ ಮಾರುವ ಲಾಲಬಿ ನನ್ನ ನೆರೆಮನೆಯವಳು. ಅವಳ ಹತ್ತಿರ ಚೌಕಾಸಿ ಮಾಡಿ ಗೆದ್ದವರನ್ನು ನಾನಂತೂ ಕಂಡಿಲ್ಲ. ಎಲೆ ಬಾಡಿದ್ದರೆ ಬಾಡಿದೆ ಎಂದು ತಾನೇ ಹೇಳುತ್ತಾಳೆ, ಬೆಲೆ ಮಾತ್ರ ಇಳಿಸುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯೂ ಅವಳ ಮುಂದೆ ನಡೆಯುತ್ತಿರಲಿಲ್ಲ. ಮಗಳು ಫರ್ಹತಳನ್ನು ‘ಸೊಟ್ಟಹಲ್ಲಿ’ ಎಂದೇ ಕೂಗುತ್ತಿದ್ದಳು. ಆ ಹುಡುಗಿಯೂ ಹಲ್ಲು ಕಾಣುವ ಹಾಗೆ ನಕ್ಕೇ ಓಗೊಡುತ್ತಿದ್ದಳು.

ಫರ್ಹತ ಡೆಂಗಿ ಜ್ವರದಲ್ಲಿ ತೀರಿಕೊಂಡಳು. ಸತ್ತವರ ಫೋಟೊ ಮನೆಯಲ್ಲಿರಬಾರದು ಎಂಬುದು ಅವಳ ಅಪ್ಪ ಹಜರತಅಲಿಯ ಹಟ. ಅಣ್ಣ ನಯೀಮ ಎದುರಾಡದೆ ಮೊಬೈಲಿನಲ್ಲಿದ್ದುದನ್ನೆಲ್ಲ ಅಳಿಸಿದ. ಅವನಿಗೊಂದು ಧೈರ್ಯವಿತ್ತು. ಒಂದು ಕಂಪನಿಯ ವಿಡಿಯೊ ಗೇಮಿಗೆ ಮನೆಯಲ್ಲೇ ಕೂತು ಮನುಷ್ಯರ ಗೊಂಬೆ ಮಾಡಿಕೊಡುವುದು ಅವನ ಕೆಲಸ. ಆ ಆಟದ ಪೇಟೆಯಲ್ಲಿ ಹೂ ಮಾರುವವಳಿಗೆ ತಂಗಿಯ ಮುಖವನ್ನೇ ಕೊಟ್ಟಿದ್ದ, ಹಲ್ಲಿನ ಸಮೇತ. ಮಧ್ಯಾಹ್ನ ಎಲೆಬುಟ್ಟಿ ಇಳಿಸಿದ ಮೇಲೆ ಲಾಲಬಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಹೂವಿನವಳು ತಿರುಗಿ ನಗುತ್ತಿದ್ದಳು. ಹಜರತಅಲಿ ಕಂಡೂ ಕಾಣದವನಂತೆ ಹೊರಗೆ ಹೋಗುತ್ತಿದ್ದ. ಅಷ್ಟರಮಟ್ಟಿಗೆ ಅವನ ಮೇಲೆ ನನಗೆ ಗೌರವವಿದೆ.

ಈಚೆಗೆ ಕಂಪನಿ ಆ ಆಟಕ್ಕೆ ಎಐ ಕೂರಿಸಿತು. ನಯೀಮ ಮಾಡಿದ ಗೊಂಬೆ ಒಳಗೆ ಇದ್ದಂತೆಯೇ ಇರುತ್ತದಂತೆ; ಆಟ ನಡೆಯುತ್ತಿರುವಾಗಲೇ ಎಐ ಅದರ ಮೇಲೆ ಕ್ಷಣಕ್ಷಣವೂ ಹೊಸ ಚಿತ್ರ ಬರೆಯುತ್ತದಂತೆ. ನೆರಳು ನಿಜದ ನೆರಳಾಯಿತು, ಕೂದಲು ಗಾಳಿಗೆ ಹಾರಿತು. ಹೂವಿನವಳ ಹಲ್ಲು ಸಾಲಿಗೆ ಬಂತು, ಮೂಗು ನೆಟ್ಟಗಾಯಿತು. ಆ ಯಂತ್ರಕ್ಕೆ ಚಂದ ಎಂದರೆ ಒಂದೇ ಮುಖ, ಅದಕ್ಕಿಷ್ಟು ಬೆಂಕಿ ಬೀಳಲಿ. ತನ್ನ ಹತ್ತಿರ ಪ್ರತಿ ಉಳಿದಿಲ್ಲ, ಹಳೆಯ ಗೊಂಬೆಯನ್ನಾದರೂ ಕೊಡಿ ಎಂದು ನಯೀಮ ಕಂಪನಿಯವರನ್ನು ಕೇಳಿಕೊಂಡ. ಮಾಡಿದ್ದೆಲ್ಲ ಕಂಪನಿಯ ಸ್ವತ್ತು, ಕೊಡಲು ಬರುವುದಿಲ್ಲ ಎಂದರು.

ಬದಲಾದ ಹೂವಿನವಳು ಮೊದಲು ಕಂಡ ದಿನ ನಾನೂ ಅಲ್ಲಿದ್ದೆ. ಲಾಲಬಿ ಬಹಳ ಹೊತ್ತು ನೋಡಿ ನನ್ನ ಕಡೆ ತಿರುಗಿದಳು.

“ಭಾಳ ಚಂದ ಅದಾಳ. ನನ್ನ ಕೂಸು ಇಷ್ಟು ಚಂದ ಇರಲಿಲ್ಲವ್ವಾ.”

ಆದರೂ ಕೂರುವುದನ್ನು ಬಿಡಲಿಲ್ಲ. ಒಳಗಿನವಳು ಇವತ್ತಲ್ಲ ನಾಳೆ ಹೊರಗೆ ಬಂದಾಳು ಎಂದು ದಿನವೂ ಆ ಹೊಸ ಮುಖವನ್ನೇ ನೋಡುತ್ತ ಕಾದಳು. ಬೇಡ ಎಂದು ನಾನು ಬೈದದ್ದೂ ಉಂಟು.

ಕೊನೆಗೆ ನಯೀಮ ತಂಗಿಯನ್ನು ಹೊಸದಾಗಿಯೇ ಮಾಡುತ್ತೇನೆಂದು ಕೂತ. ಅವನ ನೆನಪೂ ಅಲ್ಲಲ್ಲಿ ಮಾಸಿತ್ತು. ಅವಳು ಹೇಗಿದ್ದಳು, ಕಣ್ಣು ಮುಚ್ಚಿ ನೆನೆದು ಹೇಳು ಎಂದು ತಾಯಿಯನ್ನು ಕೇಳಿದ. ಲಾಲಬಿ ಕಣ್ಣು ಮುಚ್ಚಿದಳು. ತೆರೆದವಳೇ ಎದ್ದು ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತಳು.

“ಕಣ್ಣು ಮುಚ್ಚಿದ್ರೂ ಆ ಚಂದಾಕೀನ ಬರಾಕತ್ತಾಳವ್ವಾ,” ಎಂದು ಅತ್ತಳು. “ನನ್ನಾಕಿ ಬರವಲ್ಲಳು.”