ಎಗಿಲ್ ಬಾವುಟ ಏರಿಸಿದ ಭಾನುವಾರ

ಡೆನ್ಮಾರ್ಕಿನ ಓಡೆನ್ಸೆ ಊರಾಚೆ ನಾವೆಲ್ಲ ಬಾಡಿಗೆಗೆ ಹಿಡಿದ ಕೈತೋಟಗಳ ಸಾಲಲ್ಲಿ ನಂಗೆ ತುಂಬಾ ಇಷ್ಟದ ಮನುಷ್ಯ ಅಂದ್ರೆ ಎಗಿಲ್. ಮೊದ್ಲು ಬಸ್ ಓಡಿಸ್ತಿದ್ದ, ಈಗ ಟೊಮ್ಯಾಟೊ ಬೆಳೀತಾನೆ. ಮುಚ್ಚುಮರೆ ಅನ್ನೋದೇ ಇಲ್ಲ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ರೇಡಿಯೇಶನ್ ತಗೊಂಡಿದ್ದನ್ನೂ ಬೇಲಿ ಮೇಲಿಂದ್ಲೇ ಎಲ್ರಿಗೂ ಸಾರಿದ್ದ!

ಅದೆಲ್ಲ ಮುಗೀತು, ರಕ್ತದ ರಿಪೋರ್ಟೂ ಚೆನ್ನಾಗಿ ಬಂತು. ಆದ್ರೆ ಈ ಬೇಸಿಗೇಲಿ ಅವ್ನು ಮನೆ ಬಿಟ್ಟು ತೋಟದ ಗುಡಿಸಲಲ್ಲೇ ಮಲಗೋಕೆ ಶುರು ಮಾಡ್ದ. ಯಾಕಪ್ಪಾ ಅಂದ್ರೆ "ಟೊಮ್ಯಾಟೊ ಕಾಯ್ಬೇಕು" ಅಂತಾನೆ.

ಒಂದಿನ ಅವ್ನ ಹೆಂಡ್ತಿ ಲಿಸ್ಬೆತ್ ಬಂದು ಗೇಟಲ್ಲೇ ನಿಂತ್ಲು. ನಾನು ಪಕ್ಕದಲ್ಲೇ ಕಳೆ ಕೀಳ್ತಿದ್ದೆ.

"ಲೋ ಮುದುಕಾ, ನಾನು ಬೇಡ್ವಾ ನಿಂಗೆ?"

"ಬೇಕು ಕಣೇ, ಅದಕ್ಕೇ ನಾಚಿಕೆಯಾಗಿ ಓಡ್ಬಂದಿದ್ದು. ಆಸ್ಪತ್ರೇಲಿ ಅದಕ್ಕೇ ಅಂತ ಕೊಟ್ಟ ಮಾತ್ರೆನೂ ಕೈಕೊಡ್ತು. ನಂದು ಏಳ್ತಾನೇ ಇಲ್ಲ."

ಲಿಸ್ಬೆತ್ ಅಲ್ಲೇ ಆಸ್ಪತ್ರೆ ನರ್ಸ್‌ಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ್ಲು.

"ಮಾತ್ರೆಗೆ ಮುಂಚೆ ಏನ್ ತಿಂದ್ರಿ ಎಗಿಲ್?"

"ಹುರಿದ ಹಂದಿಮಾಂಸ, ಕೆನೆ ಸಾಸು. ಶಕ್ತಿ ಬೇಕಲ್ಲಾ ಅಂತ ಎರಡು ತಟ್ಟೆ."

"ಆಮೇಲೆ?"

"ಟೀವೀಲಿ ಹ್ಯಾಂಡ್‌ಬಾಲ್ ನೋಡ್ತಾ ಕಾದೆ."

ನರ್ಸ್ ನಕ್ಕಿದ್ದು ನಂಗೂ ಕೇಳ್ತು. "ಅಷ್ಟು ಜಿಡ್ಡು ತಿಂದ್ರೆ ಮಾತ್ರೆ ನಿಧಾನ ಆಗುತ್ತೆ. ಸುಮ್ನೆ ಕೂತ್ರೂ ಆಗಲ್ಲ, ಮುದ್ದಾಡ್ಬೇಕು. ರೇಡಿಯೇಶನ್ ಆದೋರಿಗೆ ಇದು ಮಾಮೂಲು, ನಾಚ್ಕೋಬೇಡಿ. ಆಗ್ಲೂ ಆಗ್ಲಿಲ್ಲಾಂದ್ರೆ ಬನ್ನಿ, ಬೇರೆ ದಾರಿನೂ ಇದೆ."

"ಕೇಳಿಸ್ಕೊಂಡ್ಯಾ? ಹ್ಯಾಂಡ್‌ಬಾಲ್ ಅಂತೆ ಹ್ಯಾಂಡ್‌ಬಾಲ್!" ಅಂದ್ಲು ಲಿಸ್ಬೆತ್. ಶನಿವಾರ ತನ್ನ ದಿಂಬು ತಗೊಂಡು ಗುಡಿಸಲಿಗೇ ಬಂದ್ಬಿಟ್ಲು.

ಭಾನುವಾರ ಬೆಳಗ್ಗೆ ನೋಡಿದ್ರೆ ಎಗಿಲ್ ತೋಟದ ಕಂಬದ ತುದೀಲಿ ನಮ್ಮ ದೇಶದ ಕೆಂಪು-ಬಿಳಿ ಬಾವುಟ! ನಮ್ಮಲ್ಲಿ ಬಾವುಟ ಏರಿತು ಅಂದ್ರೆ ಹುಟ್ಟುಹಬ್ಬ ಅಂತಾನೇ ಲೆಕ್ಕ. ಸಾಲಿನೋರೆಲ್ಲ ಬನ್ನು, ಕೇಕು ಹಿಡ್ಕೊಂಡು ಓಡಿದ್ವಿ.

"ಶುಭಾಶಯ ಲಿಸ್ಬೆತ್!"

"ನಂದು ಚಳಿಗಾಲದಲ್ಲಿ..." ಅವ್ಳ ಮುಖ ಬಾವುಟಕ್ಕಿಂತ ಕೆಂಪು.

"ಹಂಗಾದ್ರೆ ಇವತ್ತು ಯಾರ್ದು?"

ಎಗಿಲ್ ಕೆಮ್ಮಿದ. "ಯಾರ್ದೂ ಅಲ್ಲ. ನಿಜ ಹೇಳ್ತೀನಿ, ಮೊದಲಿನ ಥರ ಏನಿಲ್ಲ, ಅರ್ಧಂಬರ್ಧ. ಆದ್ರೂ ಇಬ್ರೂ ಖುಷಿಯಾಗಿದೀವಿ. ಬಾವುಟಾನೂ ಅರ್ಧಕ್ಕೇ ನಿಲ್ಸೋಣ ಅನ್ಕೊಂಡೆ. ಆದ್ರೆ ಯಾರೋ ಸತ್ರು ಅಂತ ನೀವೆಲ್ಲ ಅಳ್ತಾ ಬರ್ತಿದ್ರಲ್ಲಾ!"

ನಕ್ಕೂ ನಕ್ಕೂ ನನ್ ಬನ್ನು ಕೆಳಗೆ ಬಿತ್ತು. ಸಂಜೆ ಹೊತ್ತು ಮುಳುಗೋಕೆ ಮುಂಚೆ ಬಾವುಟ ಇಳಿಸಿ ಮಡಚಿ, ಇಬ್ರೂ ಒಂದೊಂದು ದಿಂಬು ಕಂಕುಳಲ್ಲಿ ಇಟ್ಕೊಂಡು ಮನೆಗೆ ಹೊರಟ್ರು.

"ಟೊಮ್ಯಾಟೊ ಯಾರ್ ಕಾಯ್ತಾರೆ?" ಅಂತ ಕೂಗ್ದೆ.

ಲಿಸ್ಬೆತ್ ತಿರುಗಿ ನೋಡ್ದೇನೇ ಅಂದ್ಲು, "ಅವೇನ್ ಓಡಿಹೋಗ್ತಾವಾ? ಓಡಿಹೋಗೋನು ಸಿಕ್ಕಾಯ್ತು."