ಟೆರಿಯನ್ ಎಂದರೆ ಯಾವ ಜಾಗ

ಆಗ ನನ್ನ ತಂಗಿ ಮಂಗಳೂರಿನಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ರಜೆಗೆಂದು ಮಾರನಹಳ್ಳಿ ಹತ್ತಿರದ ನಮ್ಮ ಕಾಫಿ ತೋಟಕ್ಕೆ ಬಂದಿದ್ದಾಗ, ನೆರಳಿನ ಮರ ಸವರಿಸುತ್ತಿದ್ದ ಮೇಸ್ತ್ರಿಯ ತಲೆಗೆ ಕೊಂಬೆಯೊಂದು ಬಡಿಯಿತು. ಕ್ಷಣಹೊತ್ತು ಎಚ್ಚರ ತಪ್ಪಿದ್ದವರು ಆಮೇಲೆ ತಾವೇ ಎದ್ದು ಕೂತರು.

"ಏನೂ ಆಗಿಲ್ಲ ಕಣವ್ವ, ಒಂದ್ ಲೋಟ ಕಾಫಿ ಕೊಡಿ ಸಾಕು" ಎಂದರು.

ತಂಗಿ ಅವರ ಹುಬ್ಬಿನ ತುದಿಯಿಂದ ಸ್ವಲ್ಪ ಹಿಂದೆ, ಕೆನ್ನೆಮೂಳೆಯ ಮೇಲ್ಗಡೆ, ಬೆರಳಿಟ್ಟು ನೋಡಿದಳು. "ಅಣ್ಣ, ಜೀಪ್ ತೆಗಿ, ಮಂಗಳೂರಿಗೆ ಹೋಗ್ಬೇಕು. ಏಟು ಟೆರಿಯನ್ ಮೇಲೆ ಬಿದ್ದೈತೆ."

"ಹಂಗಂದ್ರೇನು?" ಅಪ್ಪ ಕೇಳಿದರು.

"ಬುರುಡೇಲಿ ನಾಲ್ಕು ಮೂಳೆ ಕೂಡೋ ಜಾಗ ಅಪ್ಪ. ಅಲ್ಲಿ ಮೂಳೆ ಬಲು ತೆಳು, ಅದರ ಒಳಗೇ ರಕ್ತನಾಳ ಐತೆ. ಅದು ಹರಿದಿದ್ರೆ ಈಗ ಮಾತಾಡ್ತಾರೆ, ಆಮೇಲೆ ಮಂಕಾಗ್ತಾರೆ."

"ಎದ್ದು ಕೂತೋರ್‍ನ ಅಷ್ಟು ದೂರ ಕರ್ಕೊಂಡು ಹೋಗದಾ?"

ಅವಳು ಜಗ್ಗಲಿಲ್ಲ. ಘಾಟಿ ಇಳಿಯುವಷ್ಟರಲ್ಲಿ ಮೇಸ್ತ್ರಿ ವಾಂತಿ ಮಾಡಿಕೊಂಡು ತೂಕಡಿಸತೊಡಗಿದರು. ನಾನು ಜೀಪಿನ ವೇಗ ಹೆಚ್ಚಿಸಿದೆ. ತಂಗಿ ಹಿಂದಿನ ಸೀಟಿನಲ್ಲಿ ಅವರ ತಲೆ ಹಿಡಿದುಕೊಂಡು ಮಾತಾಡಿಸುತ್ತಲೇ ಇದ್ದಳು. ಮಂಗಳೂರಿನ ಆಸ್ಪತ್ರೆ ಮುಟ್ಟಿದ ಕೂಡಲೇ ಏಟು ಬಿದ್ದ ಜಾಗದ ಹೆಸರು ಹೇಳಿದಳು. ಸರ್ಜನ್ ಮತ್ತೇನೂ ಕೇಳದೆ ಆಪರೇಷನ್‌ಗೆ ಒಯ್ದರು.

ಹೊರಬಂದ ಮೇಲೆ, "ತಡವಾಗಿದ್ದರೆ ಉಳಿಯುತ್ತಿರಲಿಲ್ಲ. ನಿಮ್ಮ ತಂಗಿ ಸರಿಯಾಗಿ ಓದಿದ್ದಾಳೆ" ಎಂದು ನನ್ನ ಬೆನ್ನು ತಟ್ಟಿದರು. ತಟ್ಟಿಸಿಕೊಳ್ಳಬೇಕಾದವಳು ಬೆಂಚಿನ ಮೇಲೆ ನಿದ್ದೆ ಹೋಗಿದ್ದಳು.

ಮೇಸ್ತ್ರಿ ಗುಣವಾಗಿ ತೋಟಕ್ಕೆ ಮರಳಿದರು. ಅಪ್ಪನಂತೂ ಸಕಲೇಶಪುರ ಪೇಟೆಯಲ್ಲಿ ಎದುರಾದವರನ್ನೆಲ್ಲ ನಿಲ್ಲಿಸಿ, ತಮ್ಮ ಹುಬ್ಬಿನ ಪಕ್ಕ ಬೆರಳಿಟ್ಟು ತೋರಿಸುತ್ತಿದ್ದರು: "ಇದು ಟೆರಿಯನ್ ಕಣ್ರೀ. ನನ್ ಮಗಳು ಮುಟ್ಟಿ ಹೇಳ್ಬುಟ್ಲು."