ತಂಪಿನ ಮೊಸರನ್ನ

ರಾಮನಾಥಪುರದಿಂದ ಸ್ವಲ್ಪ ಒಳಕ್ಕಿರುವ ನಮ್ಮೂರಿನಲ್ಲಿ ದಡಾರವನ್ನು ಯಾರೂ ದಡಾರ ಎಂದು ಕರೆಯುತ್ತಿರಲಿಲ್ಲ. ಮಗುವಿನ ಮೈಮೇಲೆ ಕೆಂಪು ಗುಳ್ಳೆ ಎದ್ದರೆ ಮನೆಗೆ ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು. ಒಗ್ಗರಣೆ ಹಾಕುವಂತಿಲ್ಲ, ಕರಿಯುವಂತಿಲ್ಲ, ಔಷಧಿ ಮುಟ್ಟಿಸುವಂತಿಲ್ಲ. ಅಮ್ಮ ಇಳಿದ ಮೇಲೆ ಮಗುವಿಗೆ ಬೇವಿನ ನೀರು ಹುಯ್ದು, ಮೊಸರನ್ನ ಕಲಸಿ, ಬೀದಿಯ ಮಕ್ಕಳನ್ನೆಲ್ಲ ಕರೆದು ಬಡಿಸುತ್ತಿದ್ದರು. ಅದಕ್ಕೆ ತಂಪು ಮಾಡುವುದು ಎಂದು ಹೆಸರು. ತಂಪು ಆದ ಮೇಲೆಯೇ ಆ ಮನೆಯಲ್ಲಿ ಮತ್ತೆ ಸಾಸಿವೆ ಸಿಡಿಯುತ್ತಿದ್ದುದು.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅಮ್ಮ ನಮ್ಮ ಬೀದಿಯನ್ನು ಮರೆತೇಬಿಟ್ಟಿದ್ದಳು. ಎಷ್ಟೋ ವರ್ಷಗಳಿಂದ ಯಾರ ಬಾಗಿಲಲ್ಲೂ ಬೇವು ಕಂಡಿರಲಿಲ್ಲ. ಅದು ಮಕ್ಕಳಿಗೆ ಹಾಕಿಸುತ್ತಿದ್ದ ಸೂಜಿಯ ಗುಣ ಎಂದು ನನಗೆ ಹೊಳೆಯಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಬ್ಯಾಂಕಿನಿಂದಲೋ ಕೋರ್ಟಿನಿಂದಲೋ ಕಾಗದ ಬಂದರೆ ಬೀದಿಯವರು ನನ್ನ ಹತ್ತಿರ ಓದಿಸುತ್ತಿದ್ದರು. ಅಂಥವನೂ ಕಾಯಿಲೆ ತಾನಾಗಿಯೇ ಊರು ಬಿಟ್ಟಿತು ಎಂದುಕೊಂಡಿದ್ದೆ.

ನನ್ನದು ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಹಿಂಗೋಡೆಗೆ ಅಂಟಿಕೊಂಡಂತೆ ಇತ್ತು. ಹೊಲದಿಂದ ಮುರಿದು ತಂದ ಹಸಿ ಎಲೆಯನ್ನು ಹೆಂಗಸರು ಕಡ್ಡಿಗೆ ಕಟ್ಟುತ್ತಾರೆ. ಆ ಕಡ್ಡಿಗಳನ್ನು ಬ್ಯಾರನ್ ಒಳಗೆ ಸಾಲಾಗಿ ತೂಗಿಹಾಕಿ ಬೆಂಕಿ ಕೊಡಬೇಕು. ತಡವಾದರೆ ಎಲೆ ರಾಶಿಯಲ್ಲೇ ಬಿಸಿಯಾಗಿ ಕಪ್ಪಾಗುತ್ತದೆ. ಆ ಕೆಲಸ ಶುರುವಾಗುವ ಆಷಾಢದಲ್ಲೇ ನನ್ನ ಮೊಮ್ಮಗನಿಗೆ ಒಂಬತ್ತು ತಿಂಗಳು ತುಂಬಿ, ದಡಾರದ ಸೂಜಿಯ ಹೊತ್ತು ಬಂತು. ಹಿಂದಿನ ಸೂಜಿ ಹಾಕಿಸಿದಾಗ ಅವನಿಗೆ ಜ್ವರ ಬಂದು, ಸೊಸೆ ಅವನನ್ನು ತೊಡೆಯಿಂದ ಇಳಿಸಿರಲಿಲ್ಲ. ಈಗಲೂ ಹಾಗಾದರೆ ಎಲೆ ಕಟ್ಟಲು ಒಂದು ಜೊತೆ ಕೈ ಕಡಿಮೆ. ನನ್ನ ಲೆಕ್ಕ ಇಷ್ಟೇ ಇದ್ದದ್ದು.

ಸೂಜಿ ಹಾಕುವ ಸಿಸ್ಟರು ಜಗಲಿಯ ಹತ್ತಿರ ನಿಂತು ಕೇಳಿದರು. "ಯಜಮಾನ್ರೇ, ಮೊಮ್ಮಗನಿಗೆ ದಡಾರದ್ದು ಹಾಕ್ಬೇಕಲ್ಲ, ಕರ್ಕೊಂಡು ಬನ್ನಿ."

"ಆಗೋಯ್ತಲ್ಲ ಸಿಸ್ಟರ್. ಸೊಸೆ ಒಳೆನರಸೀಪುರಕ್ಕೆ ತವರುಮನೆಗೆ ಓಗಿದ್ದಾಗ ಆಕ್ಸವ್ಳೆ."

"ಓ, ಹಂಗಾದ್ರೆ ಸರಿ. ನೀವು ಓದಿದೋರು, ನಿಮಗೇನು ಹೇಳೋದು."

ಪಕ್ಕದ ಮನೆಯ ಹೆಣ್ಣುಮಗಳು ತನ್ನ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಓಡಿ ಬಂದಳು. ನನ್ನ ಬ್ಯಾರನ್‌ಗೆ ಎಲೆ ಕಟ್ಟಲು ಬರುತ್ತಿದ್ದವಳು, ನನ್ನನ್ನು ಮಾವ ಎನ್ನುತ್ತಿದ್ದಳು. ಚೊಚ್ಚಲ ಹೆಣ್ಣುಕೂಸು, ಇನ್ನೂ ಅರ್ಧ ವರ್ಷದ್ದು. ಅಲ್ಲಿಯವರೆಗಿನ ಒಂದು ಸೂಜಿಯನ್ನೂ ಅವಳು ತಪ್ಪಿಸಿರಲಿಲ್ಲ.

"ಸಿಸ್ಟರಮ್ಮಾ, ನನ್ ಮಗೀಗೂ ಇವತ್ತೇ ಆಕ್ಬುಡಿ."

"ಅದಕ್ಕಿನ್ನೂ ಟೈಮಾಗಿಲ್ಲ ಕಣಮ್ಮ, ಒಂಬತ್ತು ತುಂಬಲಿ."

"ಬ್ಯಾಡ ಅಂದೋರ ಹಿಂದೆ ಓಡೋಡಿ ಓಯ್ತೀರಿ, ಕೊಡಿ ಅಂತ ಕೈ ಒಡ್ಡುದ್ರೆ ನಾಳೆ ಬಾ ಅಂತೀರಿ" ಎಂದು ಅವಳು ನಕ್ಕಳು. ಸಿಸ್ಟರೂ ನಕ್ಕರು, ನಾನೂ ನಕ್ಕೆ.

ಶ್ರಾವಣದಲ್ಲಿ ಸೊಸೆ ಮಗುವನ್ನು ಎತ್ತಿಕೊಂಡು ಚನ್ನರಾಯಪಟ್ಟಣಕ್ಕೆ ಒಂದು ಮದುವೆಗೆ ಹೋಗಿಬಂದಳು. ಬಂದ ಮೇಲೆ ಮಗುವಿಗೆ ಕೆಮ್ಮು, ಜ್ವರ, ಕೆಂಪು ಕಣ್ಣು. ಆಮೇಲೆ ಕಿವಿಯ ಹಿಂದೆ ಗುಳ್ಳೆ ಎದ್ದು ಮೈಗೆಲ್ಲ ಹರಡಿತು. ನನ್ನ ತಾಯಿ ಆಗ ಬದುಕಿದ್ದಳು. ಅವಳು ಮಗುವಿನ ಮುಖ ನೋಡಿದವಳೇ ಹಿತ್ತಲಿಗೆ ಹೋಗಿ ಬೇವು ಮುರಿದುಕೊಂಡು ಬಂದಳು.

"ಬ್ಯಾರನ್‌ಗೆ ಬೆಂಕಿ ಇಕ್ಬ್ಯಾಡ ಕಣಪ್ಪ. ಅಮ್ಮ ಮನೇಲವ್ಳೆ. ಉರಿ ಮ್ಯಾಲೆ ಉರಿ ಮಾಡ್ಬ್ಯಾಡ."

ಆ ಕಟ್ಟಳೆ ನನಗೂ ಗೊತ್ತಿತ್ತು. ಒಗ್ಗರಣೆಯ ಉರಿಯೇ ಆಗದು ಎಂದ ಮೇಲೆ ಗೋಡೆಯಾಚೆ ಹಗಲು ರಾತ್ರಿ ಸೌದೆ ಉರಿಸುವುದೆಲ್ಲಿ ಬಂತು? ಎಲೆ ಕಟ್ಟುವ ಹೆಂಗಸರೂ ಬೇವು ಕಂಡ ಮೇಲೆ ನಮ್ಮ ಹಟ್ಟಿಗೆ ಕಾಲಿಡಲಿಲ್ಲ. ಮುರಿದು ತಂದ ಎಲೆ ಚಪ್ಪರದಡಿ ರಾಶಿ ಬಿದ್ದಿತ್ತು. ಕೈಯಿಟ್ಟರೆ ಒಳಗೆ ಬೆಚ್ಚಗಾಗುತ್ತಿತ್ತು.

"ಇಳೀತಾ ಅವೆ ಕಣವ್ವ ಗುಳ್ಳೆ. ನಾಳೆ ತಂಪು ಮಾಡ್ಬುಡನ" ಎಂದೆ.

"ಎಲ್ಲಿಳಿದ್ವು? ಕಣ್ಣಿಲ್ವೇನ್ಲಾ ನಿಂಗೆ? ಕೆಂಡದಂಗವೆ!"

"ಸೊಪ್ಪು ಕಪ್ಪಾದ್ರೆ ನಿಮ್ಮಮ್ಮ ಬಂದು ಕೊಂಡ್ಕತಾಳಾ?"

"ಬಾಯ್ ತೊಳ್ಕಳ್ಳಾ ಮುಂಡೇದೆ!" ಎಂದು ಕೆನ್ನೆ ಕೆನ್ನೆ ಬಡಿದುಕೊಂಡಳು. ಆದರೆ ಮನೆಯ ಯಜಮಾನ ನಾನು. ಮಾರನೆಯ ದಿನವೇ ತಂಪು ಮಾಡಿಸಿದೆ.

ಬೀದಿಯ ಮಕ್ಕಳೆಲ್ಲ ಹಟ್ಟಿಯಲ್ಲಿ ಸಾಲಾಗಿ ಕೂತು ಮುತ್ತುಗದ ಎಲೆಯ ಮೇಲೆ ಮೊಸರನ್ನ ಉಂಡರು. ಅವರಿಗೆಲ್ಲ ಸೂಜಿ ಆಗಿತ್ತು, ಏನೂ ಆಗಲಿಲ್ಲ. ಪಕ್ಕದ ಮನೆಯವಳು ಮಾತ್ರ ಕೂಸನ್ನು ಎತ್ತಿಕೊಂಡು ಬಾಗಿಲ ಹೊರಗೇ ನಿಂತಳು.

"ಮಾವ, ಗುಳ್ಳೆ ಇನ್ನೂ ಕೆಂಪಗವಲ್ಲ. ಮಗೀನ ಒಳೀಕೆ ಕರ್ಕಂಬರ್ಬೋದಾ?"

"ತಂಪಾದ್ಮೇಲೆ ಏನಾಯ್ತದೆ? ಬಾರವ್ವ."

ನನ್ನ ಮಾತಿನ ಮೇಲೆ ಅವಳು ಒಳಗೆ ಬಂದಳು. ನನ್ನ ಮೊಮ್ಮಗ ಕೆಮ್ಮುತ್ತಲೇ ತನ್ನ ಕೈಯಲ್ಲಿದ್ದ ಅನ್ನದ ಅಗುಳನ್ನು ಕೂಸಿನ ಬಾಯಿಗೆ ಒತ್ತಿದ. ಹೆಂಗಸರೆಲ್ಲ ನಕ್ಕರು. ಸಂಜೆಗೆ ಬ್ಯಾರನ್ ಹೊತ್ತಿಸಿದೆ. ಸೊಪ್ಪು ಚಿನ್ನದ ಬಣ್ಣಕ್ಕೆ ಬಂತು.

ಆ ಸೊಪ್ಪು ಮಾರಾಟವಾಗುವ ಮೊದಲೇ ಅವಳ ಬಾಗಿಲಿಗೆ ಬೇವು ಬಿತ್ತು. ನನ್ನ ಮೊಮ್ಮಗ ಆಗಲೇ ಆಡಿಕೊಂಡಿದ್ದ. ಅವಳ ಕೂಸು ಮಾತ್ರ ಮೊಲೆ ಹಿಡಿಯದಾಯಿತು, ಉಸಿರು ಎಳೆಯುವಾಗ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ಗಂಡ ಊರಲ್ಲಿರಲಿಲ್ಲ. ಅತ್ತೆ ಅಡ್ಡ ನಿಂತು, ಆಸ್ಪತ್ರೆಗೆ ಹೋದರೆ ಅಮ್ಮ ಮುನಿಯುತ್ತಾಳೆ ಎಂದಳು. ನಾನೇ ಗದರಿಸಿ, ಟೆಂಪೊ ತರಿಸಿ, ತಾಯಿ ಮಗುವನ್ನು ಕೂರಿಸಿಕೊಂಡು ಅರಕಲಗೂಡಿಗೆ ಹೋದೆ. ಅಲ್ಲಿ ತಡಮಾಡದೆ ಹಾಸನಕ್ಕೆ ಕಳಿಸಿದರು.

ಹಾಸನದಲ್ಲಿ ಮಗುವಿನ ಮೂಗಿಗೆ ಆಕ್ಸಿಜನ್ ಇಟ್ಟ ಮೇಲೆ ಡಾಕ್ಟರು ಹೊರಗೆ ಬಂದು, ಇದು ಎಲ್ಲಿಂದ ಬಂತು ಎಂದು ವಿಚಾರಿಸಿದರು. ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು. "ನಮ್ಮ ಮಾವನ ಮೊಮ್ಮಗನಿಗೆ ಬಂದಿತ್ತು ಸಾ" ಎಂದಳು.

"ಆ ಮಗುವಿಗೆ ದಡಾರದ ಲಸಿಕೆ ಹಾಕಿಸಿದ್ರಾ?"

"ಆಕ್ಸಿತ್ತು ಸಾ" ಎಂದೆ.

"ಒಂದೊಂದು ಮಗುವಿಗೆ ಹಾಕಿಸಿದರೂ ಬರೋದುಂಟು" ಎಂದು ಡಾಕ್ಟರು ಒಳಗೆ ಹೋದರು.

ಕೂಸು ಉಳಿಯಿತು. ಆದರೆ ಎರಡು ಕಿವಿಯೂ ಬಹಳ ಕಾಲ ಸೋರಿದವು. ಒಂದು ಮಧ್ಯಾಹ್ನ ಹಟ್ಟಿಯಲ್ಲಿ ತಗಡು ಬಿದ್ದು ನಾವೆಲ್ಲ ಬೆಚ್ಚಿದಾಗ ಆ ಕೂಸು ಮಾತ್ರ ತಲೆ ತಿರುಗಿಸಲಿಲ್ಲ. ಅದರ ತಾಯಿ ಅದನ್ನೇ ನೋಡುತ್ತಿದ್ದಳು, ನಾನೂ ನೋಡುತ್ತಿದ್ದೆ.

ಆದರೂ ಅವಳು ಊರಿಗೆಲ್ಲ ಹೇಳುತ್ತಿದ್ದುದು ಒಂದೇ ಮಾತು: "ಮಾವ ಇಲ್ದಿದ್ರೆ ನನ್ ಮಗಿ ಉಳೀತಿರ್ಲಿಲ್ಲ." ಹಬ್ಬಕ್ಕೆ ಒಬ್ಬಟ್ಟು ಬೇಯಿಸಿದರೆ ಮೊದಲು ನಮ್ಮ ಮನೆಗೆ ತರುತ್ತಿದ್ದಳು. ನಾನು ತಿನ್ನುತ್ತಿದ್ದೆ. ಸೂಜಿ ತಪ್ಪಿಸಿದ್ದು ತಿಳಿಯದೆ ಮಾಡಿದ್ದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದು. ಆ ಒಬ್ಬಟ್ಟು ತಿಂದದ್ದಕ್ಕೆ ಹೇಳಿಕೊಳ್ಳಲು ಏನೂ ಇಲ್ಲ.

ಹುಡುಗಿ ಹಾಸನದಲ್ಲಿ ಕಿವಿ ಕೇಳದ ಮಕ್ಕಳ ಶಾಲೆಗೆ ಸೇರಿ, ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಳು. ಅವಳು ರಜಕ್ಕೆ ಮನೆಗೆ ಬಂದಿದ್ದ ಒಂದು ಬೇಸಿಗೆಯಲ್ಲಿ, ಎರಡು ಸಾವಿರ ಇಸವಿ ಕಳೆದು ಕೆಲವು ವರ್ಷವಾಗಿತ್ತು, ಪಕ್ಕದ ಊರಿಗೆ ಮತ್ತೆ ದಡಾರ ಬಂತು. ಸಿಸ್ಟರು ಸ್ಕೂಲಿನ ವರಾಂಡದಲ್ಲಿ ಕೂತು, ಸೂಜಿ ತಪ್ಪಿಸಿಕೊಂಡಿದ್ದ ಮಕ್ಕಳನ್ನು ಕರೆದರು. ನಮ್ಮ ಬೀದಿಯ ಎಳೆಯ ತಂದೆತಾಯಂದಿರು ಬಂದು ನಿಂತರೇ ಹೊರತು ಮಕ್ಕಳನ್ನು ಮುಂದೆ ಬಿಡಲಿಲ್ಲ.

"ಯಾಕ್ ಆಕ್ಸನ? ಇವ್ರ ಮೊಮ್ಮಗನಿಗೆ ಆಕ್ಸಿದ್ರೂ ಬರ್ಲಿಲ್ವಾ?" ಎಂದು ಒಬ್ಬ ನನ್ನ ಕಡೆ ಕೈ ತೋರಿಸಿದ.

"ಅದ್ರೊಳಗಿರೋದು ಬರೀ ನೀರು ಕಣ್ಲಾ" ಎಂದ ಇನ್ನೊಬ್ಬ. ನಗು ಎದ್ದಿತು.

ಪಕ್ಕದ ಮನೆಯವಳು ಗುಂಪಿನಿಂದ ಮುಂದೆ ಬಂದಳು. "ನನ್ ಮಗಳನ್ನ ನೋಡೂ ನಗ್ತೀರೇನ್ರೋ? ಮಾವ, ನೀವಾದ್ರೂ ಬುದ್ಧಿ ಹೇಳಿ. ನೀವು ಹೇಳುದ್ರೆ ಕೇಳ್ತಾರೆ."

ಸುಮ್ಮನಿದ್ದರೆ ನನ್ನ ಸುಳ್ಳು ಆ ಮಕ್ಕಳನ್ನೂ ಮುಟ್ಟುತ್ತಿತ್ತು. "ನಾನು ಆಕ್ಸಿರ್ಲಿಲ್ಲ" ಎಂದೆ. ಯಾರಿಗೂ ಅರ್ಥವಾಗಲಿಲ್ಲ. "ನನ್ ಮೊಮ್ಮಗನಿಗೆ ಸೂಜಿ ಆಗೇ ಇರ್ಲಿಲ್ಲ. ಸಿಸ್ಟರಿಗೂ ಸುಳ್ಳೇಳ್ದೆ, ಡಾಕ್ಟ್ರಿಗೂ ಸುಳ್ಳೇಳ್ದೆ. ಸೊಪ್ಪು ಕೆಟ್ಟೋಯ್ತದೆ ಅಂತ ಅಮ್ಮ ಇಳಿಯೋಕ್ ಮುಂಚೆ ತಂಪು ಮಾಡ್ದೆ. ಈ ತಾಯಿ ಬಾಗ್ಲಲ್ಲೇ ನಿಂತಿದ್ಲು, ನಾನೇ ಒಳೀಕೆ ಕರೆದೆ."

ಒಬ್ಬ ಹೆಂಗಸು ತನ್ನ ಮಗನ ರಟ್ಟೆ ಹಿಡಿದುಕೊಂಡು ಸಿಸ್ಟರ ಮುಂದೆ ಹೋಗಿ ಕೂತಳು. ಅವಳ ಹಿಂದೆ ಇನ್ನೊಬ್ಬರು ಹೋದರು.

ಪಕ್ಕದ ಮನೆಯವಳು ನನ್ನನ್ನು ಬಯ್ಯಲಿಲ್ಲ. "ನಂಗೇಳಿದ್ದಾಯ್ತು. ಕಿವಿ ಓಗಿರೋದು ನಂದಲ್ಲ. ಬನ್ನಿ, ಅವಳಿಗೇಳಿ" ಎಂದು ಮನೆಯ ಕಡೆ ನಡೆದಳು. ನಾನು ಹಿಂದೆ ಹೋದೆ.

ಹುಡುಗಿ ಜಗಲಿಯಲ್ಲಿ ಕೂತು ಮೊರದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. "ಎದುರಿಗೆ ಕೂತ್ಕಳಿ. ಮೀಸೆ ಮ್ಯಾಲಿಂದ ಕೈ ತೆಗೀರಿ, ತುಟಿ ಕಾಣಲ್ಲ ಅವಳಿಗೆ. ಮೆಲ್ಲಗೆ ಹೇಳಿ" ಎಂದಳು ತಾಯಿ. ನಾನು ಹೇಳಿದೆ. ಹುಡುಗಿ ಹುಬ್ಬು ಗಂಟಿಕ್ಕಿ, ತಿಳಿಯಲಿಲ್ಲ ಎಂದು ತಲೆಯಾಡಿಸಿದಳು. ಒಂದೊಂದೇ ಮಾತನ್ನು ಬಿಡಿಸಿ ಮತ್ತೆ ಮೊದಲಿನಿಂದ ಹೇಳಿದೆ. ಹೇಳುವಾಗ ಅವಳ ಕಣ್ಣು ನನ್ನ ಬಾಯಿ ಬಿಟ್ಟು ಕದಲಲಿಲ್ಲ.

ಮುಗಿದ ಮೇಲೆ ಅವಳು ತನ್ನ ಮೊಂಡು ದನಿಯಲ್ಲಿ ಕೇಳಿದಳು: "ನಿಮ್ ಮೊಮ್ಮಗನಿಗೆ ಕೇಳ್ತದಾ?"

"ಕೇಳ್ತದೆ ಕಣವ್ವ" ಎಂದೆ.

ಅವಳು ತಾಯಿಯ ಕಡೆ ಒಮ್ಮೆ ನೋಡಿ, ಮೊರವನ್ನೆತ್ತಿಕೊಂಡು ಒಳಗೆ ಹೋದಳು. ತಾಯಿಯೂ ಹೋದಳು. ಮುಂದಿನ ಹಬ್ಬಕ್ಕೆ ಒಬ್ಬಟ್ಟು ಬರಲಿಲ್ಲ. ಆಮೇಲೂ ಬರಲಿಲ್ಲ.